ಅಟ್ಟದಿಂದಿಳಿದ ಕ್ಯಾಮರಾ

ಚಿತ್ರದುರ್ಗದಲ್ಲಿ ಬಿಸಿಲಿಗೇನೂ ಬಡತನವಿಲ್ಲ. ಬೆಳಗಿನ ಒಂಬತ್ತು ಗಂಟೆಗೆಲ್ಲ ಬಂಡೆಗಳು ಕಾಯತೊಡಗುತ್ತವೆ. ಮಧ್ಯಾಹ್ನದ ಹೊತ್ತಿಗೆ ಏಳು ಸುತ್ತಿನ ಕೋಟೆಯೆಲ್ಲ ಒಂದೇ ಬಿಳುಪಿನ ರಾಶಿಯಾಗಿ ಕಣ್ಣು ಕುಕ್ಕುತ್ತದೆ. ಪ್ರವಾಸಿಗಳು ಸಾಮಾನ್ಯವಾಗಿ ಬರುವುದೂ ಆ ಹೊತ್ತಿಗೇ. ಬಸ್ಸಿನಿಂದಿಳಿದು, ಒನಕೆ ಓಬವ್ವನ ಕಿಂಡಿಯ ಮುಂದೆ ಸಾಲಾಗಿ ನಿಂತು, ಚಿತ್ರ ತೆಗೆದುಕೊಂಡು ಹೊರಟುಹೋಗುತ್ತಾರೆ. ಆ ಚಿತ್ರಗಳಲ್ಲಿ ಕಣ್ಣುಗಳಿರಬೇಕಾದ ಕಡೆ ಎರಡು ಕಪ್ಪು ಗುಳಿಗಳೂ, ಹಿಂದೆ ಸುಣ್ಣ ಬಳಿದಂತಹ ಒಂದು ಗೋಡೆಯೂ ಕಾಣುವುವೇ ಹೊರತು ದುರ್ಗ ಕಾಣುವುದಿಲ್ಲ. ದುರ್ಗದ ಕಲ್ಲು ತನ್ನ ಮುಖ ತೋರಿಸುವುದು ಬೆಳಗ್ಗೆ ಎಂಟರ ಒಳಗೆ, ಇಲ್ಲವೆ ಸಂಜೆ ಐದರ ಮೇಲೆ. ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಬಿರುಕೂ, ಒಂದೊಂದು ಉಳಿಯ ಏಟೂ ತನ್ನ ನೆರಳನ್ನು ತಾನೇ ಬರೆದುಕೊಂಡು ಎದ್ದು ನಿಲ್ಲುತ್ತದೆ.

ಶಾಸನಗಳನ್ನು ಓದುವವರು ಈ ಓರೆಬಿಸಿಲನ್ನು ಗುರುವೆಂದೇ ತಿಳಿಯುತ್ತಾರೆ. ನಡುಹಗಲಿನಲ್ಲಿ ಬೋಳುಗಲ್ಲಾಗಿ ಕಂಡುದು ಸಂಜೆಯ ಹೊತ್ತಿಗೆ ಹತ್ತು ಸಾಲಿನ ಕನ್ನಡವಾಗಿಬಿಡುವುದುಂಟು. ಛಾಯಾಚಿತ್ರಕ್ಕೂ ಶಾಸನಕ್ಕೂ ಈ ಜಿಲ್ಲೆಯಲ್ಲಿ ಹಳೆಯ ಸಂಬಂಧವಿದೆ. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ ಚಿತ್ರದುರ್ಗ, ಬಳ್ಳಿಗಾವೆ, ಹರಿಹರ ಮೊದಲಾದ ಕಡೆಗಳ ಶಿಲಾಶಾಸನ ತಾಮ್ರಶಾಸನಗಳ ಸುಮಾರು 150 ಛಾಯಾಚಿತ್ರಗಳನ್ನು ತೆಗೆದು ಮೈಸೂರು ಸರ್ಕಾರಕ್ಕೆ ಒಪ್ಪಿಸಿದರು. ಬಿ. ಎಲ್. ರೈಸ್ ಅವರು 1879ರಲ್ಲಿ ಪ್ರಕಟಿಸಿದ ಮೈಸೂರು ಶಾಸನಗಳ ಇಂಗ್ಲಿಷ್ ಅನುವಾದಗಳಿಗೆ ಆ ಚಿತ್ರಗಳು ಆಧಾರವಾದವು. ಆಗಿನ ಛಾಯಾಚಿತ್ರವೆಂದರೆ ಇಂದಿನಂತೆ ಬೆರಳ ತುದಿಯ ಕೆಲಸವಲ್ಲ. ಗಾಜಿನ ಫಲಕಕ್ಕೆ ಅಂಟುದ್ರವ ಬಳಿದು, ಬೆಳ್ಳಿಯ ಉಪ್ಪಿನ ನೀರಿನಲ್ಲಿ ಅದ್ದಿ, ಅದು ಹಸಿಯಾಗಿರುವಾಗಲೇ ಕ್ಯಾಮರಾದೊಳಗಿಟ್ಟು ಬೆಳಕು ತೋರಿಸಿ, ಒಣಗುವುದರೊಳಗೆ ಪಕ್ಕದ ಡೇರೆಯ ಕತ್ತಲಿನಲ್ಲಿ ತೊಳೆದುಬಿಡಬೇಕು. ಆ ಕಾಲದಲ್ಲಿ ಈ ಸೀಮೆಯ ಬೇಸಗೆಯಲ್ಲಿ ಫಲಕ ಒಣಗದಂತೆ ಕಾಪಾಡಿಕೊಂಡವರ ತಾಳ್ಮೆಯನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಅದಕ್ಕೆ ಬೇಕಾದ ಕೊಡಗಟ್ಟಲೆ ನೀರನ್ನು ಬೆಟ್ಟಕ್ಕೆ ಹೊತ್ತವರು ಯಾರೆಂಬುದನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಈ ನೀರಿನ ಪ್ರಶ್ನೆಯನ್ನು ಚಿತ್ರದುರ್ಗದಲ್ಲಿ ಈಗ ನೆಲಸಿರುವ ಒಬ್ಬ ನಿವೃತ್ತ ಗುಮಾಸ್ತರು ಬಹಳ ತಡವಾಗಿ ಕೇಳಿಕೊಂಡರು. ಅವರ ಹೆಸರಿನಿಂದ ವಾಚಕರಿಗೆ ಆಗಬೇಕಾದುದೇನೂ ಇಲ್ಲ. ಹೆಸರು ಅಚ್ಚಾಗುವುದು ಅವರಿಗೂ ಇಷ್ಟವಾಗದು. ತಾಲ್ಲೂಕು ಕಛೇರಿಯಲ್ಲಿ ಮೂವತ್ತೈದು ವರ್ಷಗಳಿಗೂ ಮೇಲ್ಪಟ್ಟು ಪಹಣಿ, ಖಾತೆಗಳ ನಡುವೆ ಜೀವ ಸವೆಸಿ ನಿವೃತ್ತರಾದವರು. ಹೊಳಲ್ಕೆರೆಯಲ್ಲಿ ಕೆಲಸಕ್ಕೆ ಸೇರಿ, ಹೊಸದುರ್ಗಕ್ಕೆ ವರ್ಗವಾಗಿ, ಹಿರಿಯೂರಿನಲ್ಲಿ ಬಹುಕಾಲವಿದ್ದು, ಕಡೆಗೆ ಜಿಲ್ಲಾಕೇಂದ್ರಕ್ಕೆ ಬಂದರು. ಹೋದಲ್ಲೆಲ್ಲ ಅವರ ಜೊತೆಗೆ ಹೋದವು ಮೂರು: ಒಂದು ಕಬ್ಬಿಣದ ಟ್ರಂಕು, ಒಂದು ಕ್ಯಾಮರಾ, ಮತ್ತು ಅವರ ತಾಯಿ.

ಕ್ಯಾಮರಾದ ಹುಚ್ಚು ಹಿಡಿದುದು ಕಾಲೇಜಿನ ದಿನಗಳಲ್ಲಿ. ಮೊದಲು ಕೈಗೆ ಬಂದುದು ಆಗ ಬರೋಡದಲ್ಲಿ ತಯಾರಾಗುತ್ತಿದ್ದ ಆಗ್‌ಫಾ ಕ್ಲಿಕ್. ಅದಕ್ಕೆ ತಿಳಿದುದು ಎರಡೇ ವಿಷಯ: ಬಿಸಿಲು ಮತ್ತು ಮೋಡ. ಒಂದು ಸುರುಳಿಗೆ ಹನ್ನೆರಡು ಚಿತ್ರ. ಕೆಲಸ ಸಿಕ್ಕಮೇಲೆ ಮುಚ್ಚುತ್ತಿದ್ದ ಒಂದು ಸ್ಟುಡಿಯೋದಿಂದ ಎರಡು ಕಣ್ಣಿನ ಯಾಷಿಕಾ ಅಗ್ಗಕ್ಕೆ ದೊರೆಯಿತು. ಅದನ್ನು ಎದೆಯ ಕೆಳಗೆ ಹಿಡಿದು, ತಲೆ ಬಗ್ಗಿಸಿ, ಮೇಲಿನ ಉಜ್ಜುಗಾಜಿನಲ್ಲಿ ನೋಡಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ಹೊಳಲ್ಕೆರೆಯ ಬಯಲಿನಲ್ಲಿ ಕುಳಿತ ದೊಡ್ಡ ಗಣಪತಿಯ ಮುಂದೆ ಅವರು ಹೀಗೆ ತಲೆ ಬಾಗಿಸಿ ಹತ್ತು ನಿಮಿಷ ಅಲುಗದೆ ನಿಂತುದನ್ನು ಕಂಡ ಮುದುಕರೊಬ್ಬರು, ‘ಈ ಕಾಲದ ಹುಡುಗರಾಗೂ ಇಂಥ ಭಕ್ತಿ ಐತಲ್ಲ!’ ಎಂದು ಸಂತೋಷಪಟ್ಟರಂತೆ. ಗುಮಾಸ್ತರು ಅವರ ಸಂತೋಷವನ್ನು ಕೆಡಿಸಲು ಹೋಗಲಿಲ್ಲ.

ಆ ಕಾಲದ ಹವ್ಯಾಸಿಗಳಿಗೆ ಕನ್ನಡನಾಡಿನಲ್ಲೇ ದೊಡ್ಡ ದೊಡ್ಡ ಆದರ್ಶಗಳಿದ್ದವು. ಸಂಡೂರಿನ ಎಂ. ವೈ. ಘೋರ್ಪಡೆಯವರೂ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರೂ ಕಾಡಿನ ಮೃಗಪಕ್ಷಿಗಳನ್ನು ಹಿಡಿಯುತ್ತಿದ್ದರು. ಮೈಸೂರಿನ ಟಿ. ಎಸ್. ಸತ್ಯನ್ ಮನುಷ್ಯರನ್ನು ಹಿಡಿಯುತ್ತಿದ್ದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ತಾಲ್ಲೂಕು ಊರುಗಳ ತರುಣರು ಇವರಲ್ಲಿ ಯಾರನ್ನು ಅನುಸರಿಸಬೇಕೆಂದು ತಿಳಿಯದೆ ಸೂರ್ಯಾಸ್ತವನ್ನು ಅನುಸರಿಸುತ್ತಿದ್ದರು. ಸೂರ್ಯಾಸ್ತ, ಅದರ ಮುಂದೊಂದು ಒಂಟಿಮರ. ಕುರಿಮಂದೆ, ಅದರ ಹಿಂದೆ ಧೂಳು, ಧೂಳಿನ ಹಿಂದೆ ಬೆಳಕು. ಹೊಸದುರ್ಗದ ಸೀಮೆಯಲ್ಲಿ ಕುರಿಗೂ ಕೊರತೆಯಿಲ್ಲ, ಧೂಳಿಗಂತೂ ಇಲ್ಲವೇ ಇಲ್ಲ. ಗುಮಾಸ್ತರ ಕುರಿಮಂದೆಯೊಂದಕ್ಕೆ ಸ್ಪರ್ಧೆಯೊಂದರಲ್ಲಿ ಅರ್ಹತಾಪತ್ರವೂ ಬಂದಿತು. ಅದು ಕಟ್ಟು ಹಾಕಿಸಿಕೊಂಡು ಹಲವು ವರ್ಷ ಗೋಡೆಯ ಮೇಲಿದ್ದಿತು.

ಫಿಲ್ಮು ತೊಳೆಯುವ ಕೆಲಸವನ್ನು ಅವರು ಮನೆಯಲ್ಲಿಯೇ ಮಾಡಿಕೊಳ್ಳುತ್ತಿದ್ದರು. ಹಣದ ಉಳಿತಾಯ ಒಂದು ಕಾರಣ. ಆ ಕತ್ತಲೆಯ ರುಚಿ ಇನ್ನೊಂದು. ರಾತ್ರಿ ಊಟವಾದಮೇಲೆ ಅಡಿಗೆಮನೆಯೇ ಕತ್ತಲೆಕೋಣೆ. ಕಿಟಕಿಗೆ ಕಂಬಳಿ, ಬಾಗಿಲಸಂದಿಗೆ ಗೋಣಿತಾಟು. ಕಾಗದದ ಮೇಲೆ ಮುದ್ರಿಸುವಾಗ ಕೆಂಪು ದೀಪ ಉರಿಸಬಹುದು. ಫಿಲ್ಮನ್ನು ಡಬ್ಬಿಗೆ ತುಂಬುವಾಗ ಅದೂ ಇಲ್ಲ, ಬೆರಳುಗಳೇ ಕಣ್ಣಾಗಬೇಕು. ಔಷಧಿ ಸುಮಾರು 20 ಡಿಗ್ರಿ ಸೆಂಟಿಗ್ರೇಡಿನಷ್ಟು ತಂಪಾಗಿರಬೇಕೆಂದು ಪುಸ್ತಕ ಹೇಳುತ್ತದೆ. ಪುಸ್ತಕ ಬರೆದವನು ಏಪ್ರಿಲ್ ತಿಂಗಳಲ್ಲಿ ಹಿರಿಯೂರಿಗೆ ಬಂದವನಲ್ಲ. ಅಲ್ಲಿ ರಾತ್ರಿಯ ನೀರೂ ಬೆಚ್ಚಗೇ ಇರುತ್ತದೆ. ಬೆಚ್ಚನೆಯ ಔಷಧಿಯಲ್ಲಿ ಫಿಲ್ಮಿನ ಮೇಲಣ ಪೊರೆ ಮೆತ್ತಗಾಗಿ ಬೆಂದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿಬಿಡುತ್ತದೆ. ಇದಕ್ಕೆ ಪರಿಹಾರ ಕಂಡುಹಿಡಿದವರು ಅವರ ತಾಯಿ. ಔಷಧಿಯ ಸೀಸೆಯನ್ನು ಸಂಜೆಯಿಂದಲೇ ಮಣ್ಣಿನ ಮಡಕೆಯ ನೀರಿನಲ್ಲಿ ಇಳಿಬಿಟ್ಟು, ಮಡಕೆಗೆ ಒದ್ದೆಬಟ್ಟೆ ಸುತ್ತಿ, ಗಾಳಿಗೆ ಇಡುವರು. ಮಜ್ಜಿಗೆ ತಂಪಾಗಿಡಲು ಮಾಡುತ್ತಿದ್ದುದೇ ಆ ಉಪಾಯ. ಮಗನ ಔಷಧಿ ಮಜ್ಜಿಗೆಗಿಂತ ಮಡಿಯಾದುದೋ ಮೈಲಿಗೆಯಾದುದೋ ಆಕೆ ವಿಚಾರಿಸಲಿಲ್ಲ. ಮಡಕೆಯನ್ನು ಮಾತ್ರ ಬೇರೆಯಾಗಿಟ್ಟರು.

ಫಿಲ್ಮಿಗೆ ಹೈಪೋ ಹಾಕಿ ಚಿತ್ರವನ್ನು ನಿಲ್ಲಿಸಿದ ಮೇಲೆ, ಆ ಹೈಪೋ ಪೂರ್ತಿ ಹೋಗುವತನಕ ತೊಳೆಯಬೇಕು. ಅರ್ಧ ಗಂಟೆ ಹರಿಯುವ ನೀರು ಬೇಕೆನ್ನುತ್ತಾರೆ. ಸರಿಯಾಗಿ ತೊಳೆಯದಿದ್ದರೆ ಕೆಲವು ವರ್ಷಗಳಲ್ಲಿ ಚಿತ್ರ ಹಳದಿಗಟ್ಟಿ ಮಾಸಿಹೋಗುತ್ತದೆ. ಹೊಸದುರ್ಗದಲ್ಲಿ ಆಗ ನಲ್ಲಿಯಲ್ಲಿ ನೀರು ಬರುತ್ತಿದ್ದುದು ಯಾವಾಗಲೋ ಒಮ್ಮೆ. ಹರಿಯುವ ನೀರೆಂಬುದು ಪುರಾಣದ ಮಾತು. ತಾಯಿ ಓಣಿಯಾಚೆಯ ಬಾವಿಯಿಂದ ಸೇದಿ ತಂದ ನೀರಿನಲ್ಲಿಯೇ ಹತ್ತು ಬಾರಿ ಬದಲಾಯಿಸಿ ತೊಳೆಯುವುದು ರೂಢಿಯಾಯಿತು. ಒಂದು ಸುರುಳಿಗೆ ಒಂದು ದೊಡ್ಡ ಬಿಂದಿಗೆ. ತೊಳೆದ ನೀರನ್ನೂ ಆಕೆ ಚೆಲ್ಲಗೊಡುತ್ತಿರಲಿಲ್ಲ. ಮೊದಲ ನಾಲ್ಕು ಬಾರಿಯದು ಚರಂಡಿಗೆ, ಆಮೇಲಿನದು ಹೊಸಿಲ ಮುಂದಿನ ಕಲ್ಲು ತೊಳೆಯುವುದಕ್ಕೆ. ಮದುವೆಯಾಗಿ ಸೊಸೆ ಮನೆಗೆ ಬಂದಮೇಲೂ ಈ ಬಿಂದಿಗೆ ಮಾತ್ರ ಅತ್ತೆಯ ಪಾಲಿನದಾಗಿಯೇ ಉಳಿಯಿತು. ‘ಇಷ್ಟು ನೀರಾಗೆ ನಾಕು ಜನ ಜಳಕ ಮಾಡಬೌದಿತ್ತು ಕಣಪ್ಪ’ ಎಂದು ಒಮ್ಮೊಮ್ಮೆ ಅಂದದ್ದುಂಟು. ಹಾಗೆಂದು ಬಿಂದಿಗೆ ತರುವುದನ್ನು ಬಿಟ್ಟದ್ದಿಲ್ಲ.

ನೀರಿನ ವಿಷಯದಲ್ಲಿ ಆ ತಾಯಿಗೆ ಮಾತನಾಡುವ ಅಧಿಕಾರವಿದ್ದಿತು. ವೇದಾವತಿಯ ದಡದ ಹಳ್ಳಿಯಲ್ಲಿ ಹುಟ್ಟಿದವರು. ಹುಟ್ಟಿದ ತಾರೀಕು ಬರೆದಿಟ್ಟವರಿಲ್ಲ. ಕೇಳಿದರೆ, ‘ಮಾರಿಕಣಿವೆ ಕೋಡಿ ಬಿದ್ದ ವರ್ಷ’ ಎಂದು ಹೇಳುವರು. ಕಛೇರಿಯ ಕಾಗದಗಳಿಗೆ ಇಂತಹ ಉತ್ತರ ಸಾಲದು. ಆದರೆ ಇದರಷ್ಟು ಖಚಿತವಾದ ತಾರೀಕು ಆ ಸೀಮೆಯಲ್ಲಿ ಮತ್ತೊಂದಿಲ್ಲ. ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವಣ ಕಣಿವೆಗೆ ಅಡ್ಡಲಾಗಿ ಕಟ್ಟಿ, 1907ರಲ್ಲಿ ಮುಗಿಸಿ, ಮಹಾರಾಣಿಯವರ ಹೆಸರಿನಲ್ಲಿ ವಾಣಿವಿಲಾಸಸಾಗರವೆಂದು ಕರೆದ ಆ ಜಲಾಶಯ 130 ಅಡಿ ತುಂಬಿದರೆ ಕೋಡಿ ಹರಿಯುತ್ತದೆ. ಹಾಗೆ ಹರಿದುದು 1933ರಲ್ಲಿ. ಆಮೇಲೆ ಒಂದಾದಮೇಲೊಂದು ಮಳೆಗಾಲ ಕಳೆಯಿತು; ಕೋಡಿ ಹರಿಯಲಿಲ್ಲ. ಹೆಣ್ಣುಮಗಳು ಬೆಳೆದು, ಮದುವೆಯಾಗಿ, ಮಗನನ್ನು ಹೆತ್ತು, ಗಂಡನನ್ನು ಕಳೆದುಕೊಂಡು, ಮಗನ ಸಂಬಳದ ಮನೆಗೆ ಬಂದು ಸೇರಿದರೂ ಕೋಡಿ ಹರಿಯಲಿಲ್ಲ.

ಹಿರಿಯೂರಿನಲ್ಲಿದ್ದಾಗ ಒಂದು ಭಾನುವಾರ ಮಗ ತಾಯಿಯನ್ನು ಕಟ್ಟೆಯ ಮೇಲೆ ಕರೆದುಕೊಂಡು ಹೋದರು. ಯಾಷಿಕಾ ಕೊರಳಿನಲ್ಲಿ ಇದ್ದೇ ಇದ್ದಿತು. ಉದ್ದನೆಯ ಕಲ್ಲಿನ ಕಟ್ಟೆ, ಅದರ ಮೇಲಣ ಮಂಟಪ, ಸಂಜೆಯ ಓರೆಬಿಸಿಲು. ಚಿತ್ರಕ್ಕೆ ಎಲ್ಲವೂ ಸಿದ್ಧವಾಗಿದ್ದವು. ಆದರೆ ಕಟ್ಟೆ ಎಷ್ಟು ದೊಡ್ಡದೆಂದು ನೋಡುವವರಿಗೆ ತಿಳಿಯಬೇಕಲ್ಲ! ಹಿಂದಿನ ಛಾಯಾಗ್ರಾಹಕರು ದೊಡ್ಡ ಕಂಬದ ಪಕ್ಕ, ಕೋಟೆಯ ಬಾಗಿಲ ಪಕ್ಕ ಯಾರನ್ನಾದರೂ ನಿಲ್ಲಿಸುತ್ತಿದ್ದರು; ಮನುಷ್ಯನೊಬ್ಬ ಅಳತೆಗೋಲು. ಮಗ ತಾಯಿಗೆ, ‘ಅವ್ವಾ, ಅಷ್ಟು ದೂರ ಹೋಗಿ ನಿಂತುಕೋ’ ಎಂದರು. ಆಕೆ ಹೋಗಿ ನಿಂತರು. ಕ್ಯಾಮರಾದ ಕಡೆಗೆ ನೋಡಬೇಕೆಂದು ಯಾರೂ ಹೇಳಲಿಲ್ಲ. ಆಕೆ ನೋಡಲೂ ಇಲ್ಲ.

ಹವ್ಯಾಸ ಬಿಟ್ಟುಹೋದುದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಮಕ್ಕಳು ಶಾಲೆಗೆ ಸೇರಿದರು, ಮನೆ ಕಟ್ಟಲು ಸಾಲವಾಯಿತು. ಊರಿಗೆ ಬಣ್ಣದ ಚಿತ್ರ ತೊಳೆಯುವ ಯಂತ್ರಗಳು ಬಂದವು. ಕಪ್ಪುಬಿಳುಪಿನ ಕಾಗದವೂ ಔಷಧಿಯೂ ಅಂಗಡಿಗಳಿಂದ ಮಾಯವಾದವು. ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮು ಇದ್ದುದರಿಂದ ಕೆಲವು ಕಾಲ ಹೇಗೋ ನಡೆಯಿತು; ಬಳಿಕ ಆ ಕಾರ್ಖಾನೆಯೂ ಮುಚ್ಚಿತು. ಒಂದು ದೀಪಾವಳಿಯ ಮುಂಚೆ ಮನೆ ಒಪ್ಪ ಮಾಡುವಾಗ ಕ್ಯಾಮರಾ ಅಟ್ಟಕ್ಕೆ ಏರಿತು. ಮಾರನೆಯ ವರ್ಷ ಇಳಿಯಲಿಲ್ಲ. ಹೀಗೆಯೇ ಅಲ್ಲವೆ ಎಷ್ಟೋ ಮನೆಗಳಲ್ಲಿ ವೀಣೆಗಳೂ, ಕವಿತೆಯ ನೋಟುಬುಕ್ಕುಗಳೂ ಅಟ್ಟ ಸೇರುವುದು!

ಮಧ್ಯೆ ಒಮ್ಮೆ ಮಾತ್ರ ಅವರಿಗೂ ಛಾಯಾಚಿತ್ರಕ್ಕೂ ಭೇಟಿಯಾಯಿತು, ಅದೂ ಸರ್ಕಾರಿ ಖರ್ಚಿನಲ್ಲಿ. ಮತದಾರರಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಕೊಡಬೇಕೆಂದು ಚುನಾವಣಾ ಆಯೋಗ 1993ರಲ್ಲಿ ಆಜ್ಞೆ ಮಾಡಿತು. ಆಮೇಲೆ ಹಳ್ಳಿಹಳ್ಳಿಗೂ ಕ್ಯಾಮರಾ ಹೋಯಿತು. ಗುಮಾಸ್ತರು ಪಟ್ಟಿ ಹಿಡಿದು ಹೆಸರು ಕೂಗುವ ಕೆಲಸದಲ್ಲಿದ್ದರು. ಶಾಲೆಯ ಜಗಲಿ, ಹಿಂದೊಂದು ಬಟ್ಟೆ, ಮುಂದೊಂದು ಸ್ಟೂಲು. ಮುದುಕಿಯರು ಸರದಿಯಲ್ಲಿ ಬಂದು, ಸೆರಗು ಸರಿಪಡಿಸಿಕೊಂಡು, ಉಸಿರು ಬಿಗಿಹಿಡಿದು ಕೂಡುತ್ತಿದ್ದರು. ಎಪ್ಪತ್ತು ವರ್ಷ ಬದುಕಿದವರು ಜೀವಮಾನದಲ್ಲಿ ಮೊದಲ ಬಾರಿಗೆ ಕ್ಯಾಮರಾದ ಎದುರು ಕುಳಿತುದೂ ಉಂಟು. ಮಿಂಚು ಹೊಡೆದೊಡನೆ ಕಣ್ಣು ಮುಚ್ಚುತ್ತಿದ್ದರು. ‘ಮುಂದಿನೋರು’ ಎಂದು ಕೂಗಬೇಕಾಗಿದ್ದುದರಿಂದ ಎರಡನೆಯ ಸಲ ತೆಗೆಯಲು ಪುರಸತ್ತಿರಲಿಲ್ಲ. ಆ ಜಿಲ್ಲೆಯ ಎಷ್ಟು ಮನೆಗಳಲ್ಲಿ ಇಂದು ಹಾರ ಹಾಕಿಸಿಕೊಂಡಿರುವ ಅಜ್ಜಿಯ ಚಿತ್ರ ಆ ಅರೆಗಣ್ಣಿನ ಚಿತ್ರವೇ ಆಗಿದೆಯೋ!

2021ರಲ್ಲಿ ತಾಯಿ ತೀರಿಕೊಂಡರು. ಎಂಭತ್ತೆಂಟು ವರ್ಷ, ಬಹಳ ಕಷ್ಟಪಡದೆ ಹೋದರು. ತಿಥಿಯ ಹೊತ್ತಿಗೆ ಗೋಡೆಗೊಂದು ಚಿತ್ರ ಬೇಕಾಯಿತು. ಮನೆಯಲ್ಲಿ ಸಿಕ್ಕಿದುದು ಗುರುತಿನ ಚೀಟಿಯೊಂದೇ. ಮದುವೆಗಳ ಆಲ್ಬಮ್ಮುಗಳಲ್ಲಿ ಹುಡುಕಿದರೆ ಆಕೆ ಎಲ್ಲಿಯೂ ಇಲ್ಲ. ಚಿತ್ರ ತೆಗೆಯುವ ಹೊತ್ತಿಗೆ ಆಕೆ ಅಡಿಗೆಯ ಕಡೆ ಇರುತ್ತಿದ್ದರು. ಪೇಟೆಯ ಸ್ಟುಡಿಯೋದವರು ಚೀಟಿಯ ಚಿತ್ರವನ್ನೇ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಟ್ಟರು. ಕೆಟ್ಟ ಕೆಲಸವೆನ್ನುವಂತಿಲ್ಲ, ಅವರ ವೃತ್ತಿಯ ರೂಢಿಯಂತೆ ಅಂದವಾಗಿಯೇ ಮಾಡಿದ್ದರು. ಮುಖದ ಸುಕ್ಕುಗಳು ಮಾಯವಾಗಿದ್ದವು. ಕೊರಳಿನ ಕೆಳಗೆ ಯಾರದೋ ಮೈ, ಯಾರದೋ ರೇಷ್ಮೆ ಸೀರೆ, ಎರಡೆಳೆಯ ಸರ. ಹಿಂದೆ ನೀಲಿ ಆಕಾಶ, ಬಿಳಿ ಮೋಡ. ಜನ್ಮದಲ್ಲಿ ತಲೆಯ ಮೇಲಿನ ಸೆರಗು ಜಾರಗೊಡದವರು ಬರಿದಲೆಯಲ್ಲಿ ನಗುತ್ತಿದ್ದರು. ನೆಂಟರೆಲ್ಲ ‘ಎಷ್ಟು ಲಕ್ಷಣವಾಗಿದೆ!’ ಎಂದರು. ಶಾಸ್ತ್ರವೆಲ್ಲ ಮುಗಿದ ರಾತ್ರಿ ಗುಮಾಸ್ತರು ಏಣಿ ಹಾಕಿಕೊಂಡು ಅಟ್ಟ ಹತ್ತಿದರು. ಮೊಳಕಾಲು ನೋವಿನವರು ಏಣಿ ಹತ್ತಬಾರದೆಂದು ಶ್ರೀಮತಿಯವರು ಕೆಳಗಿನಿಂದ ಹೇಳುತ್ತಲೇ ಇದ್ದರು.

ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ನೆಗೆಟಿವುಗಳಿದ್ದವು. ಬೆಣ್ಣೆಕಾಗದದಲ್ಲಿ ಸುತ್ತಿ, ಊರು, ತಿಂಗಳು ಬರೆದು ಇಟ್ಟವು. ಒಂದೂ ಮಾಸಿರಲಿಲ್ಲ, ಹಳದಿಗಟ್ಟಿರಲಿಲ್ಲ. ಮಾರನೆಯ ಬೆಳಗ್ಗೆ ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೇ ನೋಡಿದರು. ಅರವತ್ತಕ್ಕೂ ಮೇಲ್ಪಟ್ಟು ಸುರುಳಿಗಳು, ಏಳುನೂರಕ್ಕೂ ಹೆಚ್ಚು ಚಿತ್ರಗಳು. ಜೋಗಿಮಟ್ಟಿಯ ಮಂಜು, ಚಂದ್ರವಳ್ಳಿಯ ಕೆರೆ, ಚಿಕ್ಕಜಾಜೂರಿನ ಜಂಕ್ಷನ್ನಿನಲ್ಲಿ ಹೊಗೆ ಬಿಡುತ್ತಿರುವ ರೈಲು, ಕುರಿಗಳು, ಕುರಿಗಳು, ಮತ್ತೆ ಕುರಿಗಳು. ತಾಯಿ ಇದ್ದುದು ಮೂರರಲ್ಲಿ. ಒಂದರಲ್ಲಿ ಬಾಗಿಲ ಚೌಕಟ್ಟಿನ ಅಂದಕ್ಕಾಗಿ ತೆಗೆದುದು, ಅರ್ಧ ಸೀರೆ ಮಾತ್ರ. ಒಂದರಲ್ಲಿ ಮೊರ ಹಿಡಿದು ಅಂಗಳದಲ್ಲಿ ಕುಳಿತಿದ್ದಾರೆ. ‘ಬ್ಯಾಡ ಕಣಪ್ಪ, ನನ್ನ ಮಕಕ್ಕೆ ಫಿಲಮು ದಂಡ’ ಎಂದು ಎತ್ತಿದ ಕೈ ಮುಖವನ್ನು ಮುಚ್ಚಿದೆ. ಮೂರನೆಯದು ಮಾರಿಕಣಿವೆಯ ಕಟ್ಟೆ.

ನೆಗೆಟಿವಿನಲ್ಲಿ ಲೋಕವೆಲ್ಲ ತಿರುಗುಮುರುಗು. ಆಕಾಶ ಕಪ್ಪು, ನೆರಳು ಬಿಳಿ. ಐವತ್ತೈದು ದಾಟಿದ್ದರೂ ನರೆಯದಿದ್ದ ತಾಯಿಯ ಕಪ್ಪು ಕೂದಲು ಅಲ್ಲಿ ಅಚ್ಚ ಬಿಳಿಯಾಗಿ, ಮೂವತ್ತು ವರ್ಷಗಳಾಚೆ ಆಕೆ ಹೇಗಾಗಲಿದ್ದರೋ ಹಾಗೆಯೇ ಕಾಣುತ್ತಿದ್ದಿತು. ಗುಮಾಸ್ತರು ಬಹಳ ಹೊತ್ತು ಅದನ್ನು ಕೆಳಗಿಡಲಿಲ್ಲ.

ಹೈಸ್ಕೂಲಿನಲ್ಲಿ ಓದುತ್ತಿದ್ದ ಮೊಮ್ಮಗಳು ಆಗ ಮನೆಯಲ್ಲೇ ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಳು. ಪಾಠದ ನಡುವೆ ಎದ್ದು ಬಂದು, ‘ತಾತ, ಹಾಗೇ ಹಿಡ್ಕೊಳ್ಳಿ’ ಎಂದು ಕಿಟಕಿಗೆ ಹಿಡಿದ ನೆಗೆಟಿವಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಏನನ್ನೋ ಒತ್ತಿದಳು. ಕಪ್ಪು ಬಿಳಿಯಾಯಿತು, ಬಿಳಿ ಕಪ್ಪಾಯಿತು. ಎರಡು ಬೆರಳುಗಳಿಂದ ಚಿತ್ರವನ್ನು ಹಿಗ್ಗಿಸಿದಳು. ಕಟ್ಟೆಯ ಮೇಲಿನ ಚುಕ್ಕೆ ಬೆಳೆದು ಹೆಂಗಸಾಯಿತು, ತಲೆಯ ಮೇಲೆ ಸೆರಗು ಮೂಡಿತು. ಚಿತ್ರ ಒಡೆದು ಮರಳು ಮರಳಾಗುವುದಕ್ಕೆ ಸ್ವಲ್ಪ ಮೊದಲು ಮುಖವೊಂದು ಕಂಡಿತು. ಆರು ಸೆಂಟಿಮೀಟರ್ ಅಗಲದ ನೆಗೆಟಿವು ಎಷ್ಟನ್ನು ಅಡಗಿಸಿಟ್ಟುಕೊಂಡಿರುತ್ತದೆಂದು ಹಳೆಯ ಹವ್ಯಾಸಿಗಳಿಗೆ ಗೊತ್ತು. ಓರೆಬಿಸಿಲಿನಲ್ಲಿ ಕೆನ್ನೆಯ ಒಂದೊಂದು ಗೆರೆಯೂ ನೆರಳು ಬಿಟ್ಟಿದ್ದಿತು. ಆಕೆ ನೋಡುತ್ತಿದ್ದುದು ಕ್ಯಾಮರಾವನ್ನಲ್ಲ, ನೀರನ್ನೂ ಅಲ್ಲ. ಒಣಗಿ ನಿಂತ ಕೋಡಿಯ ಕಡೆಯನ್ನು. ‘ಅಜ್ಜಿ ಏನನ್ನ ನೋಡ್ತಿದಾರೆ ತಾತ?’ ಎಂದು ಹುಡುಗಿ ಕೇಳಿದಳು.

ಕೆಲವು ದಿನಗಳಲ್ಲಿ ಆ ನೆಗೆಟಿವನ್ನು ಬೆಂಗಳೂರಿಗೆ ಕಳುಹಿಸಿ ಸರಿಯಾದ ಪ್ರತಿ ಮಾಡಿಸಿ ತರಿಸಿದ್ದಾಯಿತು. ಮೋಡದ ಚಿತ್ರವನ್ನು ಇಳಿಸಿ ಇದನ್ನು ಹಾಕಿದಾಗ ನೆಂಟರಿಗೆ ಅಷ್ಟು ಹಿಡಿಸಲಿಲ್ಲ. ‘ಮುಖವೇ ಚೆನ್ನಾಗಿ ಕಾಣೋದಿಲ್ಲವಲ್ಲ’ ಎಂದರು. ಗುಮಾಸ್ತರು ಉತ್ತರ ಕೊಡಲಿಲ್ಲ. ಆ ಹೊತ್ತಿಗೆ ಅವರ ಕೈ ಬೇರೆ ಕೆಲಸದಲ್ಲಿದ್ದಿತು. ಯಾಷಿಕಾದ ಬೆಲ್ಟು ಇಲಿಯ ಪಾಲಾಗಿದ್ದಿತು. ಮಸೂರದ ಅಂಚಿನಲ್ಲಿ ಬೂಷ್ಟು. ಎಣ್ಣೆ ಅಂಟಾಗಿ ಷಟರಿನ ನಿಧಾನದ ವೇಗಗಳು ಇನ್ನೂ ನಿಧಾನವಾಗಿದ್ದವು. ವೇಗದವು ಮಾತ್ರ ಸರಿಯಾಗಿದ್ದವು. ಹುಡುಗರೆಲ್ಲ ಮೊಬೈಲಿನಲ್ಲಿ ದಿನಕ್ಕೆ ನೂರು ಚಿತ್ರ ತೆಗೆಯುವ ಕಾಲದಲ್ಲಿಯೂ ಈ ಕ್ಯಾಮರಾಕ್ಕೆ ಹೊಂದುವ ಸುರುಳಿಗಳು ಹೊರದೇಶಗಳಲ್ಲಿ ತಯಾರಾಗುತ್ತಿವೆಯೆಂದು ಮೊಮ್ಮಗಳೇ ಪತ್ತೆ ಹಚ್ಚಿದಳು. ಎರಡು ಸುರುಳಿಗಳು ಅಂಚೆಯಲ್ಲಿ ಬಂದವು. ಬೆಲೆ ಕೇಳಿ ಶ್ರೀಮತಿಯವರು ಮಾತನಾಡಲಿಲ್ಲ, ಪಾತ್ರೆಗಳು ಮಾತನಾಡಿದವು.

ಹೀಗೆ ಎಪ್ಪತ್ತರ ಸಮೀಪದಲ್ಲಿ ಮರಳಿದ ಪ್ರೀತಿ ಮೊದಲಿನದರಂತಿರಲಿಲ್ಲ. ತರುಣನಾಗಿದ್ದಾಗ ಅವರು ಚಿತ್ರವನ್ನು ಹುಡುಕಿಕೊಂಡು ಹೋಗುತ್ತಿದ್ದರು. ಈಗ ಎರಡು ಸುರುಳಿಗೆ ಇಪ್ಪತ್ತನಾಲ್ಕೇ ಚಿತ್ರಗಳೆಂಬ ಲೆಕ್ಕ ಎದೆಯಲ್ಲಿದ್ದುದರಿಂದ, ತಿಂಗಳುಗಟ್ಟಲೆ ಗುಂಡಿ ಒತ್ತದೆ ಬರಿದೇ ನೋಡುತ್ತಿದ್ದರು. ಬೆಳಗ್ಗೆ ಕೋಟೆಗೆ ಹೋಗಿ, ತಲೆ ಬಗ್ಗಿಸಿ, ಉಜ್ಜುಗಾಜಿನಲ್ಲಿ ಎಡಬಲ ಮರಳಿದ ಬಂಡೆಗಳನ್ನು ನೋಡಿಕೊಂಡು, ಹಾಗೆಯೇ ಹಿಂದಿರುಗುವರು. ಗುಡ್ಡಗಳ ಮೇಲೆಲ್ಲ ಈಗ ಗಾಳಿಯಂತ್ರಗಳು ತಿರುಗುತ್ತವೆ. ಹಳೆಯ ಚೌಕಟ್ಟಿನಲ್ಲಿ ಅವು ಹೇಗೂ ತಲೆ ಹಾಕುತ್ತವೆ. ಮೊದಮೊದಲು ಅವುಗಳನ್ನು ತಪ್ಪಿಸಲು ಹೆಣಗಿ, ಆಮೇಲೆ ಬಿಟ್ಟುಬಿಟ್ಟರು. ಹಾಲಿನವಳ ಕೊರಳು, ನೆರೆಮನೆಯ ಮುದುಕರ ಕೈ, ಹೂ ಕಟ್ಟುವ ಶ್ರೀಮತಿಯವರ ಬಗ್ಗಿದ ಹಣೆ ಇವುಗಳ ಮೇಲೆ ಬಿಸಿಲು ಎಷ್ಟು ಹೊತ್ತಿಗೆ ಓರೆಯಾಗಿ ಬೀಳುತ್ತದೆಂಬುದು ಅವರಿಗೆ ಬಾ‌ಯಿಪಾಠವಾಯಿತು. ಸ್ಟುಡಿಯೋದ ಪೆನ್ಸಿಲು ಅಳಿಸಿಹಾಕುವುದೆಲ್ಲ ಆ ಬಿಸಿಲಿನಲ್ಲಿ ಓದುವುದಕ್ಕೆ ಸಿಕ್ಕುತ್ತಿದ್ದಿತು.

2022ರ ಮಳೆಗಾಲ ಜೋರಾಯಿತು. ಕೆಲವು ವರ್ಷಗಳಿಂದ ಮೇಲ್ದಂಡೆ ಯೋಜನೆಯ ಮೂಲಕ ಭದ್ರೆಯ ನೀರೂ ವೇದಾವತಿಗೆ ಬಂದು ಸೇರತೊಡಗಿದ್ದಿತು. ಸೆಪ್ಟೆಂಬರಿನಲ್ಲಿ, ಎಂಭತ್ತೊಂಭತ್ತು ವರ್ಷಗಳ ಮೇಲೆ, ವಾಣಿವಿಲಾಸಸಾಗರದ ಕೋಡಿ ಹರಿಯಿತು. ತಾಯಿ ಹೋಗಿ ಒಂದು ವರ್ಷ ಕಳೆದಿದ್ದಿತು.

ಹಿರಿಯೂರಿನ ರಸ್ತೆಯೆಲ್ಲ ಜಾತ್ರೆಯಂತಿದ್ದಿತು. ಬಸ್ಸು, ಟ್ರ್ಯಾಕ್ಟರು, ಬೈಸಿಕಲ್ಲುಗಳಲ್ಲಿ ಜನ. ಹಿನ್ನೀರಿನ ಹೊಸದುರ್ಗದ ಹಳ್ಳಿಗಳಿಂದಲೂ ಬಂದಿದ್ದರು. ಅಲ್ಲಿ ಹೊಲಗಳಿಗೇ ನೀರು ನುಗ್ಗಿದ್ದವರೂ ಇದ್ದರು, ಅವರ ಮುಖದಲ್ಲಿ ಜಾತ್ರೆಯ ಕಳೆ ಕಡಮೆ. ನೂರಾರು ಮೊಬೈಲುಗಳು ನೀರಿನ ಕಡೆಗೆ ಎತ್ತಿ ನಿಂತಿದ್ದವು. ಗುಮಾಸ್ತರು ಕೋಡಿಗೆ ಒಂದೇ ಚಿತ್ರ ವೆಚ್ಚ ಮಾಡಿದರು. ಬಳಿಕ ಬೆನ್ನು ತಿರುಗಿಸಿ, ನೋಡಲು ಬಂದ ಮುದುಕಿಯರ ಕಡೆ ತಲೆ ಬಗ್ಗಿಸಿದರು. ಬಿಸಿಲು ಇಳಿಯುವತನಕ ಹನ್ನೊಂದು ಮುಖಗಳಾದವು. ಅವರಲ್ಲಿ ಹೊಸದುರ್ಗ ತಾಲ್ಲೂಕಿನ ಒಬ್ಬಾಕೆ, ಚಿತ್ರ ತೆಗೆದೊಡನೆ ಕೈ ಚಾಚಿ, ‘ಎಲ್ಲಿ, ತೋರ್ಸಪ್ಪ’ ಎಂದರು. ಇದರಲ್ಲಿ ಕೂಡಲೇ ಕಾಣುವುದಿಲ್ಲ, ತೊಳೆಯಬೇಕು, ಒಂದು ತಿಂಗಳಾಗುತ್ತದೆ ಎಂದು ಗುಮಾಸ್ತರು ವಿವರಿಸಿದರು. ಮುದುಕಿ ನಕ್ಕು, ‘ತಿಂಗಳಾ? ಅಷ್ಟೊತ್ತಿಗೆ ನಾನಿರ್ತೀನೋ ಇಲ್ಲೋ, ಯಾರಿಗೆ ತೋರ್ಸ್ತೀಯ?’ ಎಂದರು. ಗುಮಾಸ್ತರು ಊರಿನ ಹೆಸರು ಕೇಳಿ ಬರೆದುಕೊಂಡರು.

ಸುರುಳಿಯನ್ನು ಚಿತ್ರದುರ್ಗದ ಮನೆಯಲ್ಲಿಯೇ ತೊಳೆದರು. ಈಗ ಸ್ನಾನದ ಮನೆಯಲ್ಲಿ ನಲ್ಲಿಯಿದೆ. ಊರಿಗೆ ಕುಡಿಯುವ ನೀರು ವಾಣಿವಿಲಾಸಸಾಗರದಿಂದಲೂ ಬರುತ್ತದೆ. ಡಬ್ಬಿಯನ್ನು ನಲ್ಲಿಯ ಕೆಳಗಿಟ್ಟು ಅರ್ಧ ಗಂಟೆ ಬಿಟ್ಟರೆ ಪುಸ್ತಕದಲ್ಲಿ ಹೇಳಿದಂತೆಯೇ ಆಗುತ್ತಿದ್ದಿತು. ಅವರು ಬಿಂದಿಗೆಯಲ್ಲಿ ನೀರು ಹಿಡಿದು, ಹತ್ತು ಬಾರಿ ಬದಲಾಯಿಸಿ ತೊಳೆದರು. ಮೊದಲ ನಾಲ್ಕನ್ನು ಚರಂಡಿಗೆ ಸುರಿದು, ಮಿಕ್ಕುದನ್ನು ಬಕೆಟ್ಟಿಗೆ ತುಂಬಿಟ್ಟರು.

ನವೆಂಬರಿನಲ್ಲಿ ಬಸ್ಸು ಹಿಡಿದು ಆ ಹಳ್ಳಿಗೆ ಹೋದಾಗ ಮುದುಕಿ ಇದ್ದರು. ಜಗಲಿಯ ಬೆಳಕಿನಲ್ಲಿ ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಓರೆಬಿಸಿಲಿನಲ್ಲಿ ಮುಖದ ಗೆರೆಗಳೆಲ್ಲ ಎದ್ದು ನಿಂತಿದ್ದವು. ‘ನಮ್ಮವ್ವ ಇದ್ದಂಗೇ ಇದೀನಿ’ ಎಂದರು. ಮೊಮ್ಮಗ ಗೋಡೆಗೆ ಮೊಳೆ ಹುಡುಕಿದಾಗ ಮಾತ್ರ ಗದರಿದರು: ‘ಗ್ವಾಡೆಗೆ ಹಾಕಬ್ಯಾಡ ಕಣೋ, ಇನ್ನೂ ಬದುಕಿದೀನಿ!’ ಚಿತ್ರ ಟ್ರಂಕಿನೊಳಗೆ, ಮಡಿಸಿಟ್ಟ ಸೀರೆಗಳ ನಡುವೆ ಸೇರಿತು. ಆಮೇಲೆ ಬಂದ ಅತಿಥಿಗೆ ಮಂಡಕ್ಕಿ ಕೊಟ್ಟು, ತನ್ನ ವಾರಗಿತ್ತಿಯೊಬ್ಬಳು ಎರಡು ಮನೆಯಾಚೆ ಇದ್ದಾಳೆಂದೂ, ಅವಳದೂ ಒಂದು ತೆಗೆಯಬೇಕೆಂದೂ, ಅವಳು ಬೇಡವೆಂದು ಕೈ ಅಡ್ಡ ಹಿಡಿದರೆ ಕೇಳಬಾರದೆಂದೂ ಹೇಳಿದರು. ಎರಡನೆಯ ಸುರುಳಿಯಲ್ಲಿ ಇನ್ನೂ ಏಳು ಚಿತ್ರಗಳು ಉಳಿದಿದ್ದವು.